ಎರಡು ವಿಮಾನ, ಒಂದು ಅಂಗೈ

ವಸಂತಾ ಮೇಡಂ ಏನನ್ನೇ ಕೊಳ್ಳಲಿ, ಮೊದಲು ಮುಟ್ಟಿ ನೋಡಬೇಕು. ಬದನೆಕಾಯಿಯಾದರೂ ಸರಿ, ಫ್ರಿಜ್ ಆದರೂ ಸರಿ, ಮಗಳನ್ನು ನೋಡಲು ಬಂದ ಹುಡುಗನಾದರೂ ಸರಿ. ಅಂಥ ಒಬ್ಬ ಹುಡುಗನ ಕೈ ಕುಲುಕಿ, ಸೀದಾ ಅಡುಗೆಮನೆಗೆ ಬಂದು, "ಅಂಗೈ ಒದ್ದೆ ಉಂಟು ಮಾರಾಯ್ರೆ, ಈ ಜನ ನಮಗೆ ಬೇಡ" ಎಂದು ಗಂಡನ ಕಿವಿಯಲ್ಲಿ ಪಿಸುಗುಟ್ಟಿದ್ದು ಸುಳ್ಳಲ್ಲ. ಮಗಳು ಚಿನ್ಮಯಿಗೆ ಅದರಿಂದ ಸಂತೋಷವೇ ಆಯಿತು. ಅವಳಿಗೆ ಬೇಕಾಗಿದ್ದದ್ದು ಗಂಡ ಅಲ್ಲ, ವಿಮಾನ.

ಆಟದ ವಿಮಾನವಲ್ಲ, ನಿಜವಾದದ್ದು. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ, ಪುಟ್ಟದಾದರೂ ಪರವಾಗಿಲ್ಲ, ಹುಡುಗರಿಗೆ ಹಾರುವುದನ್ನು ಕಲಿಸಲು ಆಗಬೇಕು, ಅಷ್ಟೆ. ಚಿನ್ಮಯಿ ಕೋಲ್ಕತ್ತದ ಬೆಹಾಲಾದಿಂದಾಚೆಯ ಒಂದು ಸಣ್ಣ ಏರ್‌ಫೀಲ್ಡಿನ ಹಳೇ ಕ್ಲಬ್ಬಿನಲ್ಲಿ ಹಾರಾಟ ಕಲಿಸುತ್ತಿದ್ದಳು. ಕ್ಲಬ್ಬು ಈಗ ಬಾಗಿಲು ಹಾಕುವುದರಲ್ಲಿತ್ತು. ನಡೆಸುತ್ತಿದ್ದ ಅನಸೂಯಾ ದಿಗೆ (ಬಂಗಾಳಿಗಳಿಗೆ ‘ದಿ’ ಎಂದರೆ ಅಕ್ಕ) ವಯಸ್ಸಾಗಿತ್ತು, ಮೆಂಬರುಗಳು ಚದುರಿದ್ದರು. ಆದರೆ ಕಲಿಯಬೇಕೆಂದು ಚಿನ್ಮಯಿಯ ಬೆನ್ನು ಬಿದ್ದ ಹುಡುಗ ಹುಡುಗಿಯರು ಚದುರಿರಲಿಲ್ಲ. "ಅಮ್ಮಾ, ನಾನೇ ಸ್ಕೂಲ್ ಶುರು ಮಾಡ್ತೇನೆ. ಒಂದು ಪ್ಲೇನ್ ಸಾಕು" ಎಂದಳು. ಅರ್ಧ ದುಡ್ಡು ಅವಳದು, ಉಳಿದರ್ಧ ಅಮ್ಮನ ರಿಟೈರ್‌ಮೆಂಟ್ ಗಂಟು. ವಸಂತಾ ಇಲ್ಲ ಎನ್ನಲಿಲ್ಲ. ಒಂದೇ ಒಂದು ಷರತ್ತು ಹಾಕಿದರು: ಯಾವ ವಿಮಾನ ಎಂದು ಹೇಳುವುದು ತಾವು.

"ನಿಂಗೆ ಪ್ಲೇನ್ ಬಗ್ಗೆ ಏನ್ ಗೊತ್ತು ಅಮ್ಮಾ?"

"ಪ್ಲೇನ್ ಬಗ್ಗೆ ಗೊತ್ತಿಲ್ಲ. ಮಾರುವವರ ಬಗ್ಗೆ ಗೊತ್ತುಂಟು."

ಚಿನ್ಮಯಿ ಒಪ್ಪಿದಳು. ಕೊಟ್ಟ ಮಾತಿಗೆ ತಪ್ಪುವ ಜಾಯಮಾನ ಅವಳದಲ್ಲ. ಆ ಒಂದು ಗುಣ ಅಮ್ಮನಿಂದಲೇ ಬಂದದ್ದು.

ಮೇಡಂ ಸುಮ್ಮನೆ ಜಂಬ ಕೊಚ್ಚಿದ್ದಲ್ಲ. ಬ್ರಹ್ಮಾವರದಿಂದ ಬಂದು, ಬ್ಯಾಂಕ್ ನೌಕರಿಯ ಅರ್ಧ ಆಯುಷ್ಯ ಕೋಲ್ಕತ್ತದಲ್ಲೇ ಕಳೆದವರು ಅವರು. ಹೌರಾದ ಲೇತ್ ಕಾರ್ಖಾನೆಗಳಿಗೆ ಸಾಲ ಕೊಡುವ ಸೀಟಿನಲ್ಲಿ ಕೂತು ಹೆಸರು ಮಾಡಿದವರು. ಅವರ ಪದ್ಧತಿ ಸರಳ. ಹೇಳದೆ ಕೇಳದೆ ಕಾರ್ಖಾನೆಗೆ ನುಗ್ಗುವುದು, ಮಾಲೀಕ ಕುರ್ಚಿ ಒರೆಸುವಷ್ಟರಲ್ಲಿ ಯಂತ್ರದ ಮೇಲೆ ಅಂಗೈ ಇಡುವುದು. ಬೆಚ್ಚಗಿದ್ದರೆ ಕೆಲಸ ನಡೆಯುತ್ತಿದೆ, ಸಾಲ ತೀರುತ್ತದೆ. ತಣ್ಣಗಿದ್ದರೆ ಮಾಲೀಕನ ಬಾಯಿ ಎಷ್ಟೇ ಬಿಸಿಯಿರಲಿ, ಮೇಡಂ ಪೆನ್ನಿನ ಕ್ಯಾಪು ಹಾಕಿ ಎದ್ದುಬಿಡುತ್ತಿದ್ದರು. ಈ ಅಂಗೈ ಎಂದೂ ಮೋಸಹೋಗಿಲ್ಲ ಎಂಬುದು ಅವರ ನಂಬಿಕೆ. ಒಂದೇ ಒಂದು ಸಲ ಹೋಗಿತ್ತು. ಆ ಕಥೆಯನ್ನು ಮನೆಯಲ್ಲಿ ಎತ್ತಬಾರದೆಂದು ಕಟ್ಟಪ್ಪಣೆಯಿತ್ತು. ಗಂಡ ವಿಶ್ವನಾಥರು ಅದನ್ನು ವರ್ಷಕ್ಕೊಮ್ಮೆ ತಪ್ಪದೆ ಎತ್ತುತ್ತಿದ್ದರು, ಅದು ಬೇರೆ ವಿಷಯ.

ನಿಜ ಹೇಳಬೇಕೆಂದರೆ ವಸಂತಾಗೆ ಹೆದರಿಕೆ. ದುಡ್ಡಿನದಲ್ಲ. ಮಗಳು ಹಾರಲು ಕಲಿತು ಇಷ್ಟು ವರ್ಷವಾಯಿತು, ಒಂದು ದಿನವೂ ಅವರು ಅವಳ ಪಕ್ಕ ಕೂತು ಮೇಲೆ ಹೋಗಿರಲಿಲ್ಲ. ಊರಿಗೆ ಹೋಗಲು ದೊಡ್ಡ ವಿಮಾನ ಹತ್ತುತ್ತಿದ್ದರು, ಅದರಲ್ಲಿ ಊಟ ಕೊಡುತ್ತಾರೆ, ಬಸ್ಸಿದ್ದ ಹಾಗೆ. ಈ ಪುಟ್ಟ ಡಬ್ಬಿಗಳು ಹಾಗಲ್ಲ. ಚಿನ್ಮಯಿ "ಲ್ಯಾಂಡೆಡ್" ಎಂದು ಮೆಸೇಜು ಹಾಕುವವರೆಗೆ ಇವರಿಗೆ ಕಾಫಿ ಇಳಿಯುತ್ತಿರಲಿಲ್ಲ. ಈಗ ಮಗಳು ದಿನಾ ಕೂರುವ ವಿಮಾನವನ್ನು ತಾವೇ ಆರಿಸಬೇಕು. ತಮ್ಮ ಅಂಗೈ ತಪ್ಪಿದರೆ ಆಕಾಶದಲ್ಲಿರುವುದು ಬೇರೆ ಯಾರೂ ಅಲ್ಲ, ತಮ್ಮ ಕೂಸು.

ಮಾರಾಟಕ್ಕಿದ್ದ ವಿಮಾನಗಳು ಎರಡು, ಒಂದೇ ಹ್ಯಾಂಗರಿನಲ್ಲಿ ಅಕ್ಕಪಕ್ಕ. ಬಿಳಿಯದು ನೀಲಾದ್ರಿ ಬಾಬು ಎಂಬ ಶೋಕಿಲಾಲರದು, ನಾಲ್ಕು ಸೀಟಿನದು. ಹಳದಿಯದು ಕ್ಲಬ್ಬಿನದು, ಎರಡೇ ಸೀಟು. ಚಿನ್ಮಯಿ ಹಾರಲು ಕಲಿತದ್ದು ಆ ಹಳದಿಯಲ್ಲೇ. ನೋಡಲು ಬರಬೇಕಾದ ದಿನವನ್ನು ನೀಲಾದ್ರಿ ಬಾಬು ತಾವೇ ಗೊತ್ತುಮಾಡಿದ್ದರು: ಸೆಪ್ಟೆಂಬರ್ ಹದಿನೇಳು, ವಿಶ್ವಕರ್ಮ ಪೂಜೆ. "ಯಂತ್ರಗಳ ದೇವರ ದಿನ ದಿದಿ! ಅವತ್ತೇ ನೋಡಿ, ಅವತ್ತೇ ಅಡ್ವಾನ್ಸ್ ಕೊಡಿ. ಬೇರೆ ಗಿರಾಕಿ ಕಾಯುತ್ತಿದ್ದಾರೆ" ಎಂದು ಫೋನಿನಲ್ಲಿ ಹಿಂದಿಯಲ್ಲಿ ಉಸುರಿದ್ದರು. ವಿಮಾನ ತಪಾಸಣೆ ಮಾಡುವ ಎಂಜಿನಿಯರ್ ಸಿಗುವುದು ಮುಂದಿನ ವಾರ. ಅಲ್ಲಿಯವರೆಗೆ ಕಾಯಲು ಬಾಬುವಿಗೆ ಇಷ್ಟವಿರಲಿಲ್ಲ.

ನ್ಯೂ ಟೌನಿನ ಮನೆಯಿಂದ ಹೊರಟ ಕ್ಯಾಬಿನಲ್ಲಿ ಮೂವರೂ ಕೂತರು. ಮೋಡ ಮುಚ್ಚಿತ್ತು. ಮೋಡದ ಕೆಳಗೆ ತಲೆ ಎತ್ತಿದಲ್ಲೆಲ್ಲ ಈ ಹಬ್ಬದ ಗಾಳಿಪಟ. ತಾರಸಿಗಳ ಮೇಲೆ ಮುದುಕರು ಕೂಡ ದಾರ ಹಿಡಿದು, ಪಕ್ಕದವರ ಪಟ ಕಡಿದಾಗಲೆಲ್ಲ "ಭೋ ಕಾಟ್ಟಾ!" ಎಂದು ಕಿರುಚುತ್ತಿದ್ದರು. ದಾರಿಯಲ್ಲಿ ಸಿಕ್ಕ ರಿಕ್ಷಾ ಸ್ಟ್ಯಾಂಡು, ಗ್ಯಾರೇಜು, ಪಂಕ್ಚರ್ ಅಂಗಡಿ, ಎಲ್ಲ ಕಡೆ ಚೆಂಡುಹೂವು, ಆನೆಯ ಮೇಲೆ ಕೂತ ವಿಶ್ವಕರ್ಮ, ಕಿವಿ ಹರಿಯುವ ಲೌಡ್‌ಸ್ಪೀಕರು.

"ಇವತ್ತು ಯಾವ ದಿನ ಅಂತ ನೆನಪುಂಟಲ್ಲ ವಸಂತಾ?" ಎಂದು ವಿಶ್ವನಾಥರು ಮೀಸೆಯಡಿ ನಕ್ಕರು.

"ನೀವು ಇವತ್ತು ಬಾಯಿ ಬಿಟ್ರೆ ನಾನು ಕ್ಯಾಬಿನಿಂದ ಇಳಿದು ಹೋಗ್ತೇನೆ."

"ಎಂತ ಹೇಳ್ಲಿಲ್ಲ ಮಾರಾಯ್ತಿ. ದಿನ ಯಾವುದು ಅಂತ ಕೇಳಿದೆ, ಅಷ್ಟೆ."

ಚಿನ್ಮಯಿ ಮುಂದಿನ ಸೀಟಿನಲ್ಲಿ ನಗು ತಡೆದುಕೊಂಡು ಕಿಟಕಿಯ ಕಡೆ ತಿರುಗಿದಳು. ಆದರೆ ಅವಳ ಬೆರಳುಗಳು ಬ್ಯಾಗಿನ ಪಟ್ಟಿಯನ್ನು ಸುತ್ತುತ್ತಿದ್ದವು, ಬಿಚ್ಚುತ್ತಿದ್ದವು. ಅವಳಿಗೂ ಒಳಗೊಳಗೇ ಪುಕುಪುಕು.

ಹ್ಯಾಂಗರಿನೊಳಗೆ ನೆರಳು, ತಂಪು. ಒಂದು ಮೂಲೆಯಲ್ಲಿ ದೇವರ ಮೂರ್ತಿ, ಅದರ ಕಾಲ ಬಳಿ ಸ್ಪ್ಯಾನರು, ಸ್ಕ್ರೂಡ್ರೈವರುಗಳನ್ನು ಸಾಲಾಗಿ ಜೋಡಿಸಿ ಹೂ ಏರಿಸಿದ್ದರು. ಪುರೋಹಿತರು ಇನ್ನೂ ಬಂದಿರಲಿಲ್ಲ. ಇನ್ನೊಂದು ಬದಿ ದೊಡ್ಡ ಹಂಡೆಯಲ್ಲಿ ಖಿಚುಡಿ ಬೇಯುತ್ತಿತ್ತು.

ಬಿಳಿ ವಿಮಾನ ಮದುಮಗನ ಹಾಗೆ ನಿಂತಿತ್ತು. ಹೊಸ ಪೇಂಟು, ನೀಲಿ ಪಟ್ಟೆ, ಒಳಗೆ ಕೆನೆಬಣ್ಣದ ಸೀಟು. ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳಬಹುದು, ಅಷ್ಟು ಹೊಳಪು. ಹಳದಿಯದೋ, ಕೋಲ್ಕತ್ತದ ಹಳೇ ಟ್ಯಾಕ್ಸಿಗೆ ಯಾರೋ ರೆಕ್ಕೆ ಹಚ್ಚಿ ಬಿಟ್ಟ ಹಾಗಿತ್ತು. ಬಣ್ಣ ಅಲ್ಲಲ್ಲಿ ಸುಲಿದಿತ್ತು, ಸೀಟಿನ ಹರಿದ ಕಡೆ ಟೇಪು, ಬಾಗಿಲ ಹಿಡಿ ಸವೆದು ಬೆಳ್ಳಗೆ. ಚಿನ್ಮಯಿ ಅದರ ರೆಕ್ಕೆಯಡಿ ಹೋಗಿ ನಿಂತು ಮೆಲ್ಲನೆ ತಟ್ಟಿದಳು. ಮೇಡಂಗೆ ಅದು ಕಂಡಿತು, ಸರಿಬರಲಿಲ್ಲ. ಪ್ರೀತಿ ಇದ್ದಲ್ಲಿ ಸಾಲ ಕೊಡಬಾರದು ಎನ್ನುವುದು ಅವರ ಬ್ಯಾಂಕಿನ ಪಾಠ.

"ಇದನ್ನು ನಾನು ಬಹಳ ಹಾರಿಸಿಲ್ಲ ದಿದಿ" ಎಂದರು ನೀಲಾದ್ರಿ ಬಾಬು. ಗರಿಗರಿ ಕುರ್ತಾ, ಅತ್ತರಿನ ವಾಸನೆ. "ಭಾನುವಾರದ ಶೋಕಿ, ಅಷ್ಟೆ. ಹೋದ ವಾರ ಒಂದು ಸುತ್ತು ಹಾಕಿದ್ದೆ. ಹೊಸದರಂತೆಯೇ ಇದೆ."

ಮೇಡಂ ತಲೆಯಾಡಿಸುತ್ತ ಪ್ರೊಪೆಲರಿನ ಪಕ್ಕ ಬಂದು, ಯಾರೂ ಗಮನಿಸದ ಹಾಗೆ ಬಿಳಿ ವಿಮಾನದ ಮೂತಿಯ ಮೇಲೆ ಅಂಗೈ ಇಟ್ಟರು. ಬೆಚ್ಚಗಿತ್ತು! ಈಗಷ್ಟೇ ಮಲಗಿ ಎದ್ದ ಮಗುವಿನ ಹಣೆಯ ಹಾಗೆ ಹಿತವಾಗಿ ಬೆಚ್ಚಗೆ. ಅವರ ಜೀವಕ್ಕೆ ತಂಪೆರೆದಂತಾಯಿತು. ಎರಡು ಹೆಜ್ಜೆ ಸರಿದು ಹಳದಿಯ ಮೂತಿ ಮುಟ್ಟಿದರು. ಬಾವಿಯ ನೀರಿನ ಹಾಗೆ ತಣ್ಣಗಿತ್ತು.

"ಸ್ಟಾರ್ಟ್ ಮಾಡಿ ತೋರಿಸ್ತೀರಾ?" ಎಂದು ಕೇಳಿದರು.

ನೀಲಾದ್ರಿ ಬಾಬು ಮೂರ್ತಿಯ ಕಡೆ ನೋಡಿ ಕೈ ಮುಗಿದರು. "ಇವತ್ತು ಯಾರೂ ಮಾಡುವುದಿಲ್ಲ ದಿದಿ. ಆದರೆ ನಿಮಗೋಸ್ಕರ ಒಂದು ನಿಮಿಷ. ದೇವರು ಕ್ಷಮಿಸಲಿ." ಹ್ಯಾಂಗರಿನ ಹುಡುಗರು ಬಿಳಿಯದನ್ನು ಹೊರಗೆ ತಳ್ಳಿದರು. ಬಾಬು ಒಳಗೆ ಕೂತು ಕೀಲಿ ತಿರುಗಿಸಿದ್ದೇ ತಡ, ಎಂಜಿನ್ ಗುರ್ರೆಂದಿತು. ಒಂದೇ ಸಲಕ್ಕೆ! ಪ್ರೊಪೆಲರ್ ತಿರುಗಿ ಗಾಳಿ ಬೀಸಿ ಮೇಡಂ ಸೆರಗು ಹಾರಿತು. ವಿಶ್ವನಾಥರು ಚಪ್ಪಾಳೆ ತಟ್ಟಿಬಿಟ್ಟರು.

ಹಳದಿಯ ಸರದಿ ಬರುವ ಹೊತ್ತಿಗೆ ಅನಸೂಯಾ ದಿ ಮನೆಯಿಂದ ಬಂದರು. ಬಿಳಿ ಕೂದಲು, ಕೆಂಪಂಚಿನ ಸೀರೆ, ಕೈಯಲ್ಲಿ ಹೂವಿನ ಬುಟ್ಟಿ. ಸೀದಾ ಹಳದಿಯ ಹತ್ತಿರ ಹೋಗಿ ಪ್ರೊಪೆಲರಿಗೆ ಹಾರ ಹಾಕಿದರು.

"ಇದನ್ನೂ ಒಂದು ಸಲ ಸ್ಟಾರ್ಟ್ ಮಾಡಿಸಿ" ಎಂದರು ವಸಂತಾ.

"ನಾಳೆ."

"ಅವರು ಮಾಡಿದ್ರಲ್ಲ?"

"ಅವರು ಮಾಡಲಿ. ವರ್ಷವಿಡೀ ದುಡಿದಿದೆ ಇದು, ಒಂದು ದಿನ ರಜೆ. ಬೇಕಾದರೆ ನಾಳೆ ಬನ್ನಿ, ಬೇಡವಾದರೆ ಖಿಚುಡಿ ತಿಂದು ಹೋಗಿ" ಎಂದು ಅನಸೂಯಾ ದಿ ಬಂಗಾಳಿ ಬೆರೆತ ಹಿಂದಿಯಲ್ಲಿ ಖಡಾಖಂಡಿತ ಹೇಳಿ ಎರಡನೇ ಹಾರ ಬಿಡಿಸತೊಡಗಿದರು.

ಮಾರುವವರು ಎಲ್ಲಾದರೂ ಹೀಗೆ ಮಾತಾಡುವುದುಂಟೇ? ಮೇಡಂಗೆ ರೇಗಿತು. ಮಗಳನ್ನು ರೆಕ್ಕೆಯಾಚೆ ಕರೆದುಕೊಂಡು ಹೋದರು.

"ನೋಡು ಚಿನ್ನು, ನಂಗೆ ಬಿಳಿಯದೇ ಸರಿ ಕಾಣ್ತದೆ."

"ಅಮ್ಮಾ, ನೋ! ಲಿಸನ್. ಪ್ಲೇನ್ ನಿಂತ್ಕೊಂಡೇ ಇದ್ರೆ ಒಳಗಿಂದ ಖರಾಬ್ ಆಗ್ತದೆ. ಹಳದಿ ಡೈಲಿ ಹಾರ್ತಿತ್ತು. ಪೇಂಟ್ ನೋಡ್ಬೇಡ."

"ಪೇಂಟ್ ಅಲ್ಲ, ನಾನು ಮುಟ್ಟಿ ನೋಡಿದೆ. ಅದು ಬೆಚ್ಚಗೆ ಉಂಟು, ಜೀವ ಉಂಟು ಅದಕ್ಕೆ. ನಿನ್ನದು ತಣ್ಣಗೆ. ಅದರ ಮೇಲೆ ನಿನ್ನ ಟೀಚರಮ್ಮನ ಗತ್ತು ಬೇರೆ! ನಿಂಗೆ ಅದರ ಮೇಲೆ ಮೋಹ, ಹಾಗಾಗಿ ಹೇಳ್ತಿ."

"ಮೋಹ ಅಲ್ಲ ಅಮ್ಮಾ. ಅದು..." ಚಿನ್ಮಯಿಗೆ ಕನ್ನಡದಲ್ಲಿ ಮಾತು ಸಿಗಲಿಲ್ಲ. ಇಂಗ್ಲಿಷಿನಲ್ಲೂ ಹುಡುಕಲಿಲ್ಲ. "ಓಕೆ. ನೀನು ಹೇಳಿದ್ದೇ. ಐ ಪ್ರಾಮಿಸ್ಡ್."

ಅಷ್ಟು ಹೇಳಿ ಅವಳು ಹಳದಿಯ ಕಡೆ ನೋಡದೆ ಖಿಚುಡಿಯ ಹಂಡೆಯತ್ತ ನಡೆದಳು. ಜಗಳವಾಡಿದ್ದರೆ ಮೇಡಂಗೆ ಸುಲಭವಾಗುತ್ತಿತ್ತು. ಮಗಳು ಸುಮ್ಮನೆ ಒಪ್ಪಿಕೊಂಡದ್ದು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ಆದರೂ ಅಂಗೈ ಹೇಳಿದ ಮೇಲೆ ಮುಗಿಯಿತು. ಪ್ರಶ್ನೆ ಮಗಳ ಮುನಿಸಿನದಲ್ಲ, ಮಗಳ ಜೀವದ್ದು.

ಪೂಜೆ ಮುಗಿಯಿತು. ಎಲ್ಲರೂ ಸಾಲಾಗಿ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತರು. ತೊಡೆಯ ಮೇಲೆ ಎಲೆಯ ತಟ್ಟೆ, ಅದರಲ್ಲಿ ಬಿಸಿ ಖಿಚುಡಿ, ಲಾಬ್ರಾ ಪಲ್ಯ, ಟೊಮೆಟೊ ಚಟ್ನಿ. ನೀಲಾದ್ರಿ ಬಾಬು ಬಂದು ಮೇಡಂ ಪಕ್ಕದಲ್ಲೇ ಕೂತರು. ಮೇಡಂ ಊಟಕ್ಕೆ ಮೊದಲೇ ಚೆಕ್ಕಿನ ಮೇಲೆ ಹೆಸರು ಬರೆದು ಬ್ಯಾಗಿನಲ್ಲಿಟ್ಟಿದ್ದರು. ಕೈ ತೊಳೆದು ಸಹಿ ಹಾಕುವುದೊಂದೇ ಬಾಕಿ.

ಇಷ್ಟು ಹೊತ್ತು ಬಾಯಿ ಮುಚ್ಚಿ ಕೂತ ವಿಶ್ವನಾಥರಿಗೆ ಇನ್ನು ತಡೆಯಲಾಗಲಿಲ್ಲ. ಖಿಚುಡಿ ಹೊಟ್ಟೆಗೆ ಬಿದ್ದದ್ದೇ ನೆಪ. "ನೀಲಾದ್ರಿ ಬಾಬು, ನಮ್ಮ ಮೇಡಂ ಮತ್ತು ವಿಶ್ವಕರ್ಮನ ಕಥೆ ನಿಮಗೆ ಹೇಳಲೇಬೇಕು" ಎಂದು ತಮ್ಮ ಉಡುಪಿ ಹಿಂದಿಯಲ್ಲಿ ಶುರುಮಾಡಿಯೇ ಬಿಟ್ಟರು. ಮೇಡಂ ಕಣ್ಣು ಕೆಕ್ಕರಿಸಿದರು. ಪ್ರಯೋಜನವಿಲ್ಲ.

ಕಥೆ ಇಷ್ಟೆ. ವಸಂತಾ ಕೋಲ್ಕತ್ತಕ್ಕೆ ಬಂದ ಮೊದಲ ವರ್ಷ. ಆಯುಧ ಪೂಜೆ ಎಂದರೆ ನವರಾತ್ರಿಯಲ್ಲಿ, ಒಂಬತ್ತನೇ ದಿನ, ಬ್ರಹ್ಮಾವರದಲ್ಲಿ ಹಾಗೆಯೇ. ಬಂಗಾಳದಲ್ಲಿ ಯಂತ್ರಗಳಿಗೆ ಬೇರೆಯೇ ದಿನವಿದೆ ಎಂದು ಇವರಿಗೆ ಯಾರು ಹೇಳಬೇಕು? ಸೆಪ್ಟೆಂಬರ್ ಹದಿನೇಳಕ್ಕೆ ಸರಿಯಾಗಿ ಹೌರಾದ ಒಂದು ಗಲ್ಲಿಗೆ ಹಠಾತ್ ತಪಾಸಣೆಗೆ ನುಗ್ಗಿದರು. ಲೇತಿನ ಮೇಲೆ ಅಂಗೈ ಇಟ್ಟರೆ ತಣ್ಣಗೆ. ಪಕ್ಕದ ಕಾರ್ಖಾನೆಗೆ ಹೋದರು, ತಣ್ಣಗೆ. ಅದರಾಚೆಯದಕ್ಕೂ ಹೋದರು, ಅಲ್ಲೂ ತಣ್ಣಗೆ. ಗಲ್ಲಿಗೆ ಗಲ್ಲಿಯೇ ದಿವಾಳಿಯೆದ್ದಿದೆ, ಬ್ಯಾಂಕಿನ ದುಡ್ಡು ಗಂಗೆಯ ಪಾಲು ಎಂದು ಗಾಬರಿಯಾಗಿ ಮ್ಯಾನೇಜರಿಗೆ ಫೋನು ಮಾಡಿದರು. ಅಷ್ಟರಲ್ಲಿ ಸಾಲಗಾರನ ಹೆಂಡತಿ, ಇವತ್ತು ಪೂಜೆ, ಯಂತ್ರಗಳಿಗೆಲ್ಲ ರಜೆ ಎಂದು ಒಂದು ತಟ್ಟೆ ಖಿಚುಡಿ ತಂದು ಕೈಗಿಟ್ಟಳಂತೆ.

"ಇಡೀ ಹೌರಾ ಸುತ್ತಿದರೂ ಅವತ್ತು ಒಂದೇ ಒಂದು ಬೆಚ್ಚಗಿನ ಯಂತ್ರ ಇವಳಿಗೆ ಸಿಗಲಿಲ್ಲ!" ಎಂದು ವಿಶ್ವನಾಥರು ತೊಡೆ ತಟ್ಟಿದರು. ಹುಡುಗರು ಹೋ ಎಂದು ನಕ್ಕರು. ಗತ್ತಿನ ಅನಸೂಯಾ ದಿ ಕೂಡ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ವಸಂತಾ ನಗಲಿಲ್ಲ. ರೇಗಲೂ ಇಲ್ಲ. ಬಾಯಿಗೆ ಹೊರಟಿದ್ದ ತುತ್ತು ಅರ್ಧ ದಾರಿಯಲ್ಲೇ ನಿಂತಿತು.

ಒಂದೇ ಒಂದು ಬೆಚ್ಚಗಿನ ಯಂತ್ರ ಸಿಗಲಿಲ್ಲ. ಇವತ್ತು ಸಿಕ್ಕಿತಲ್ಲ! ಬಾಬು ಸ್ಟಾರ್ಟ್ ಮಾಡಿ ತೋರಿಸುವುದಕ್ಕೆ ಮೊದಲೇ ಅದು ಬೆಚ್ಚಗಿತ್ತು. ಬಿಸಿಲು ಎನ್ನೋಣವೆಂದರೆ ಮೋಡ. ಅದೂ ಅಲ್ಲದೆ ಅದೇ ಸೂರಿನಡಿ, ಅದೇ ನೆರಳಲ್ಲಿ ಹಳದಿ ತಣ್ಣಗೆ ನಿಂತಿತ್ತು. ಊರಿಗೆ ಊರೇ ಯಂತ್ರ ಮುಟ್ಟದ ದಿನ, ಹೋದ ವಾರ ಹಾರಿದ ವಿಮಾನಕ್ಕೆ ಬಿಸಿ ಎಲ್ಲಿಂದ ಬಂತು? ಅಯ್ಯೋ ದೇವರೇ, ಎಂದಿತು ಅವರ ಒಳಮನಸ್ಸು. ಆದರೆ ಮುಖ ಮಾತ್ರ ಬ್ಯಾಂಕಿನ ಮುಖವೇ.

"ಬಾಬು, ಬೆಳಿಗ್ಗೆ ಪೂಜೆಗೆ ಮೊದಲು ಒಂದು ಸಲ ಸ್ಟಾರ್ಟ್ ಮಾಡಿ ನೋಡಿದ್ರಾ, ಹೇಗೆ?" ಎಂದು ಚಟ್ನಿ ನೆಕ್ಕುತ್ತ ಕೇಳಿದರು.

"ಛೆ ಛೆ! ಇವತ್ತಿನ ದಿನವೇ ದಿದಿ? ನಿಮಗೆ ತೋರಿಸಿದ್ದೇ ಮೊದಲು."

"ಹೌದಾ" ಎಂದರು ವಸಂತಾ. ತಟ್ಟೆ ಮಡಚಿ ಎದ್ದು, ಕೈ ತೊಳೆದು ಬಂದರು. ಬಾಬು ಪೆನ್ನು ತೆಗೆದು ಹಿಡಿದಿದ್ದರು. ಮೇಡಂ ವಾಚು ನೋಡಿಕೊಂಡು ಹಣೆ ಚಚ್ಚಿಕೊಂಡರು. "ಅಯ್ಯೋ, ರಾಹುಕಾಲ!"

"ಏನು ಕಾಲ?"

"ನಮ್ಮ ಕಡೆ ಈ ಹೊತ್ತಲ್ಲಿ ಚೆಕ್ಕಿಗೆ ಸಹಿ ಹಾಕುವ ಹಾಗಿಲ್ಲ. ಹಾಕಿದ್ರೆ ಕೊಟ್ಟವರಿಗಲ್ಲ, ತಗೊಂಡವರಿಗೆ ತೊಂದರೆ. ನೀವೂ ದಿನ ನೋಡುವವರು, ನಿಮಗೆ ಅರ್ಥ ಆಗ್ತದೆ. ನಾಳೆ ಬೆಳಿಗ್ಗೆ ಬರ್ತೇವೆ."

ದಿನಾ ಪಂಚಾಂಗ ಓದುವ ವಿಶ್ವನಾಥರು, "ಇಲ್ವಲ್ಲ, ರಾಹುಕಾಲ ಆಗಲೇ..." ಎಂದು ಬಾಯಿ ತೆರೆದರು. ಮೇಡಂ ಚಪ್ಪಲಿ ಅವರ ಕಾಲ ಬೆರಳ ಮೇಲೆ ಕೂತಿತು. ಪಂಚಾಂಗ ಅಲ್ಲಿಗೇ ನಿಂತಿತು.

ಕ್ಯಾಬು ಗೇಟು ದಾಟಿದ ಮೇಲೆ ವಸಂತಾ ಬಾಯಿ ಬಿಟ್ಟರು. "ಚಿನ್ನು, ಎಂಜಿನ್ ಬಿಸಿ ಇದ್ರೆ ಬೇಗ ಸ್ಟಾರ್ಟ್ ಆಗ್ತದಾ?"

ಚಿನ್ಮಯಿ ಸರಕ್ಕನೆ ಹಿಂದೆ ತಿರುಗಿದಳು. "ಆಫ್‌ಕೋರ್ಸ್! ಕೋಲ್ಡ್ ಸ್ಟಾರ್ಟೇ ರಿಯಲ್ ಟೆಸ್ಟ್. ವೀಕ್ ಇದ್ರೆ ಥಂಡಾ ಇರುವಾಗ್ಲೇ ಗೊತ್ತಾಗೋದು. ಯಾಕೆ?"

"ಬಿಳಿಯದು ನಾವು ಬರುವ ಮೊದಲೇ ಬೆಚ್ಚಗಿತ್ತು. ಅವ ಸ್ಟಾರ್ಟೇ ಮಾಡ್ಲಿಲ್ಲ ಅಂತ ಸುಳ್ಳು ಹೇಳಿದ."

ಚಿನ್ಮಯಿ ಸೀಟಿನ ಮೇಲಿಂದಲೇ ಬಾಗಿ ಅಮ್ಮನ ಕೆನ್ನೆ ಹಿಂಡಿದಳು. ಡ್ರೈವರು ಬೆಚ್ಚಿ ಹಾರ್ನು ಹೊಡೆದ.

"ಬಿಡು, ಬಿಡು! ಮಾರ್ಚ್ ಮೂವತ್ತೊಂದಕ್ಕೆ ಸಾಲ ತಗೊಂಡವರೆಲ್ಲ ಹೀಗೇ ಮಾಡ್ತಿದ್ರು. ಎಲ್ಲಿಂದಲೋ ದುಡ್ಡು ತಂದು ಒಂದು ದಿನಕ್ಕೆ ಖಾತೆ ತುಂಬಿಸುವುದು, ತೋರಿಸುವುದು, ಮರುದಿನ ಖಾಲಿ. ನಾನು ಎಷ್ಟು ಜನರನ್ನು ಹಿಡಿದಿದ್ದೇನೆ! ಇವತ್ತು ಕುರ್ತಾದವ ನನ್ನನ್ನೇ ಬೇಸ್ತು ಬೀಳಿಸ್ತಿದ್ದ." ಮೇಡಂ ದನಿ ಒಮ್ಮೆಲೇ ಕುಗ್ಗಿತು. "ನಿನ್ನನ್ನು ಅದರಲ್ಲಿ ಕೂರಿಸಿ ಕಳಿಸ್ತಿದ್ದೆ ನಾನು. ನನ್ನ ಕೈಯಾರೆ."

ಸ್ವಲ್ಪ ದೂರ ಹೋದ ಮೇಲೆ ವಿಶ್ವನಾಥರು ಗಂಟಲು ಸರಿಮಾಡಿಕೊಂಡು, "ಆ ಕಥೆ ಹೇಳಿದ್ದು ಒಳ್ಳೇದೇ ಆಯ್ತಲ್ಲ?" ಎಂದರು.

"ಹಾಂ, ಆಯ್ತು. ಹಾಗಂತ ಮುಂದಿನ ವರ್ಷ ಹೇಳಬೇಡಿ."

"ಹಾಗಾದ್ರೆ ಹಳದಿ?" ಎಂದು ಚಿನ್ಮಯಿ ಆಸೆಯಿಂದ ಕೇಳಿದಳು.

"ಇದು ಕೆಟ್ಟದು ಅಂದ್ರೆ ಅದು ಒಳ್ಳೇದು ಅಂತ ಅಲ್ಲ. ನಾಳೆ ಕಾಣುವ."

ಮರುದಿನ ಹ್ಯಾಂಗರಿನ ಬಾಗಿಲು ಸರಿಯುವಾಗಲೇ ಮೇಡಂ ಅಲ್ಲಿ ಹಾಜರು. ಎರಡೂ ಮೂತಿ ಮುಟ್ಟಿ ನೋಡಿದರು. ಎರಡೂ ತಣ್ಣಗೆ. ಮನೆಯಿಂದ ತಂದ ಮಡಚುವ ಸ್ಟೂಲನ್ನು ಬಿಳಿ ವಿಮಾನದ ಮುಂದೆ ಬಿಡಿಸಿ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು ಕೂತುಬಿಟ್ಟರು. ಸ್ಟ್ರಾಂಗ್ ರೂಮಿನ ಬಾಗಿಲು ಕಾಯಲೂ ಅವರು ಇಷ್ಟು ಗಟ್ಟಿಯಾಗಿ ಕೂತಿರಲಿಲ್ಲ.

ನೀಲಾದ್ರಿ ಬಾಬು ಬಂದು ನೋಡಿದರೆ ಇದು ಅವಸ್ಥೆ. "ದಿದಿ, ಇಷ್ಟು ಬೇಗ?"

"ರಾಹುಕಾಲ ಶುರುವಾಗುವ ಮೊದಲು ಮುಗಿಸೋಣ ಅಂತ. ಒಂದು ಸಲ ಸ್ಟಾರ್ಟ್ ಮಾಡಿ, ಸಹಿ ಹಾಕಿಬಿಡ್ತೇನೆ."

ಬಾಬು ಕುರ್ತಾದ ತೋಳು ಮಡಚಿ ಒಳಗೆ ಕೂತರು. ಕೀಲಿ ತಿರುಗಿತು. ಪ್ರೊಪೆಲರ್ ಎರಡು ಸುತ್ತು ತಿರುಗಿ ಕೆಮ್ಮಿ ನಿಂತಿತು. ಮತ್ತೆ ತಿರುಗಿಸಿದರು, ಮತ್ತೆ ಕೆಮ್ಮು. ಮೂರನೇ ಸಲಕ್ಕೆ ನೀಲಿ ಹೊಗೆ ಭುಸ್ಸೆಂದು ಬಂದು ವಿಶ್ವನಾಥರನ್ನು ಹಿಮ್ಮೆಟ್ಟಿಸಿತು. ಕೊನೆಗೆ ಬ್ಯಾಟರಿಯೂ ಕೈಕೊಟ್ಟು, ಟಿಕ್ ಟಿಕ್ ಎನ್ನುವ ಸದ್ದೊಂದೇ ಉಳಿಯಿತು.

"ಬ್ಯಾಟರಿ ದಿದಿ, ಬರೀ ಬ್ಯಾಟರಿ..."

"ಹೌದು ಹೌದು. ದೇವರು ನಿನ್ನೆಯದನ್ನು ಕ್ಷಮಿಸಲಿಲ್ಲ ಕಾಣ್ತದೆ" ಎಂದು ವಸಂತಾ ಸ್ಟೂಲು ಮಡಚಿದರು.

ಅನಸೂಯಾ ದಿ ಇದನ್ನೆಲ್ಲ ದೂರದಿಂದ ನೋಡುತ್ತಿದ್ದರು. ಪ್ರೊಪೆಲರಿನ ಬಾಡಿದ ಹಾರ ತೆಗೆದು, ಚಿನ್ಮಯಿಗೆ ಕಣ್ಸನ್ನೆ ಮಾಡಿದರು. ಹಳದಿಯನ್ನು ಹೊರಗೆ ತಳ್ಳಿದರು. ಚಿನ್ಮಯಿ ಟೇಪು ಹಚ್ಚಿದ ಸೀಟಿನಲ್ಲಿ ಕೂತು, ಕಿಟಕಿಯಿಂದ ಹೊರಗೆ ನೋಡಿ "ಕ್ಲಿಯರ್!" ಎಂದು ಕೂಗಿದಳು. ವಸಂತಾ ಉಸಿರು ಬಿಗಿಹಿಡಿದರು. ಇದೂ ಕೆಮ್ಮಿದರೆ ಮಗಳ ಮುಖ ಹೇಗೆ ನೋಡುವುದು ಎನ್ನುವುದೇ ಅವರ ಚಿಂತೆ. ಪ್ರೊಪೆಲರ್ ಒಮ್ಮೆ ಅರ್ಧ ಸುತ್ತು ಓಲಾಡಿತು, ಸೋಮಾರಿ ಹುಡುಗ ಮಗ್ಗುಲು ಬದಲಿಸಿದ ಹಾಗೆ. ಆಮೇಲೆ ಗಡಗಡ ಎಂದು ಹೊತ್ತಿಕೊಂಡು ಒಂದೇ ಸಮನೆ ಓಡತೊಡಗಿತು. ಚಿನ್ಮಯಿ ಒಳಗಿನಿಂದ ಹೆಬ್ಬೆರಳು ತೋರಿಸಿದಳು. ಮೇಡಂ ಕಣ್ಣಲ್ಲಿ ನೀರು ಬಂತು. ಗಾಳಿಗೆ ಧೂಳು ಬಿತ್ತು ಎಂದು ಎಲ್ಲರಿಗೂ ಹೇಳಿದರು.

ಹಾಗೆಂದು ಅಲ್ಲೇ ಚೆಕ್ಕು ಹರಿದು ಕೊಡಲಿಲ್ಲ, ಬ್ಯಾಂಕಿನವರು ಬ್ಯಾಂಕಿನವರೇ. ಮುಂದಿನ ವಾರ ಎಂಜಿನಿಯರ್ ಬಂದು ಹಳದಿಯನ್ನು ಬಿಚ್ಚಿ ನೋಡಿದ. ಟೈರು ಬದಲಿಸಬೇಕು, ಸೀಟು ಹೊಲಿಸಬೇಕು, ಸಣ್ಣಪುಟ್ಟ ರಿಪೇರಿ ಹತ್ತೆಂಟು, ಆದರೆ ಎಂಜಿನ್ ಗಟ್ಟಿ ಎಂದ. ನೀಲಾದ್ರಿ ಬಾಬು ತಮ್ಮದನ್ನೂ ನೋಡಲಿ ಎಂದು ಬಿಳಿಯದನ್ನು ತೋರಿಸಿದರಂತೆ. ನಿಂತು ನಿಂತು ಅದರ ಸಿಲಿಂಡರಿನೊಳಗೆ ತುಕ್ಕು ಹಿಡಿದಿತ್ತು. ಆ ಸುದ್ದಿ ಕೇಳಿದ ದಿನ ವಸಂತಾ ಮಧ್ಯಾಹ್ನ ಊಟ ಮಾಡಲಿಲ್ಲ. ಸಂಜೆ ಹಳದಿಯ ಚೆಕ್ಕಿಗೆ ಸಹಿ ಹಾಕಿದರು.

ಕಾಗದಪತ್ರವೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಚಿನ್ಮಯಿ ಹಳದಿಯಲ್ಲಿ ಒಂದು ಸುತ್ತು ಹಾಕಿ ಇಳಿದಳು. ಏರ್‌ಫೀಲ್ಡಿನ ಅಂಚಿನ ಮರಗಳಲ್ಲಿ ಹರಿದ ಗಾಳಿಪಟಗಳು ಇನ್ನೂ ಜೋತಾಡುತ್ತಿದ್ದವು. ವಸಂತಾ ಬೇಲಿಯ ಬಳಿ ಕಾಯುತ್ತಿದ್ದವರು ಬಂದು ಅಭ್ಯಾಸದಂತೆ ವಿಮಾನದ ಮೂತಿಯ ಮೇಲೆ ಅಂಗೈ ಇಟ್ಟರು. ಚುರುಕ್ಕೆಂದಿತು.

"ಈಗ ಸಮಾಧಾನವಾ? ಬಾ ಅಮ್ಮಾ, ಕೂರು."

"ನಾನಾ? ನಿನ್ನಪ್ಪ ಕೂರಲಿ."

"ನಾನು ಕೆಳಗೇ ಚಂದ ಇದ್ದೇನೆ" ಎಂದು ವಿಶ್ವನಾಥರು ಬೇಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಇರುವುದು ಎರಡೇ ಸೀಟು. ನೆಪ ಹೇಳಲು ಹಿಂದಿನ ಸೀಟೂ ಇಲ್ಲ. ವಸಂತಾ ಸೀರೆ ಸಾವರಿಸಿಕೊಂಡು ಹತ್ತಿ ಕೂತರು. ಬೆಲ್ಟು ಕಟ್ಟುತ್ತ ಚಿನ್ಮಯಿ ಅಮ್ಮನ ಅಂಗೈ ಹಿಡಿದಳು. ಹಿಡಿದವಳು ಹುಬ್ಬೇರಿಸಿದಳು.

"ಅಮ್ಮಾ, ನಿನ್ನ ಕೈ ಐಸ್ ಥರ ಉಂಟಲ್ಲ!"

"ಹೆದರಿಕೆ ಮಾರಾಯ್ತಿ. ಇಷ್ಟು ವರ್ಷದಿಂದ ಹೆದರಿಕೆ. ನೀನು ಮೇಲೆ ಹೋದಾಗೆಲ್ಲ ಹೀಗೇ ಇರ್ತದೆ ಈ ಕೈ. ನಿಂಗೆ ಹೇಳ್ಲಿಲ್ಲ ಅಷ್ಟೆ."

ಚಿನ್ಮಯಿ ಎರಡೂ ಕೈಯಲ್ಲಿ ಅದನ್ನು ಉಜ್ಜಿದಳು. "ಥಂಡಾ ಇದ್ರೇ ಒಳ್ಳೇದು. ಬಿಸಿ ಮಾಡಿ ತೋರಿಸಿದ್ರೆ ನಾನು ನಂಬ್ತಿರ್ಲಿಲ್ಲ."

ಮೇಡಂ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದರು. ವಿಮಾನ ಓಡಿತು, ಕುಲುಕಿತು, ಆಮೇಲೆ ಕುಲುಕುವುದು ನಿಂತಿತು. ನೆಲ ಕೆಳಗೆ ಹೋಯಿತು. ತಾರಸಿಗಳು, ಕೆರೆಗಳು, ದೂರದಲ್ಲಿ ಹೂಗ್ಲಿ ನದಿ. ಆಚೆ ದಡದ ಮಬ್ಬಿನಲ್ಲಿ ಹೌರಾ ಇರಬೇಕು. ವಸಂತಾ ಅದನ್ನೇನೂ ನೋಡಲಿಲ್ಲ. ಅವರು ಮಗಳ ಕೈಗಳನ್ನೇ ನೋಡುತ್ತಿದ್ದರು. ಒಂದು ಕೈ ಮುಂದೆ, ಒಂದು ಕೈ ಪಕ್ಕದಲ್ಲಿ, ಎರಡೂ ಸಡಿಲವಾಗಿ, ಅವಸರವಿಲ್ಲದೆ, ಎಷ್ಟು ಬೇಕೋ ಅಷ್ಟೇ ಆಡುತ್ತಿದ್ದವು. ಕಣ್ಣು ಅಲ್ಲಿ, ಇಲ್ಲಿ, ಮತ್ತೆ ಅಲ್ಲಿ. ತಾನು ಇಷ್ಟು ದಿನ ಯಂತ್ರವನ್ನೇ ಮುಟ್ಟಿ ಮುಟ್ಟಿ ನೋಡಿದೆ, ನಡೆಸುವವಳನ್ನು ಒಂದು ದಿನವೂ ಬಂದು ನೋಡಲಿಲ್ಲವಲ್ಲ ಎಂದು ಅವರಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಹೆಮ್ಮೆಯಾಯಿತು.

"ಅಮ್ಮಾ, ಓಕೆನಾ? ಇಳಿಸ್ಲಾ?"

ವಸಂತಾ ತಮ್ಮ ಅಂಗೈಯನ್ನು ಕೆನ್ನೆಗೆ ಒತ್ತಿ ನೋಡಿಕೊಂಡರು. ಬೆಚ್ಚಗಾಗತೊಡಗಿತ್ತು.

"ಎಂತ ಅವಸರ? ಇನ್ನೊಂದು ಸುತ್ತು ಹಾಕು" ಎಂದರು.